ಬೊಮ್ಮಯ್ಯ ಗೌಂಡರ ಪಥ್ಯ

ದಿಂಡುಗಲ್ಲು

ಮೈಸೂರು ಸೀಮೆಯ ಗಡಿ ದಾಟಿದರೆ ನಮ್ಮವ್ವನಿಗೆ ಅದು ಪರದೇಶ. ಹಡಗು ಹತ್ತಿದರೂ ಅಷ್ಟೇ, ಮಧುರೆಯ ಕಡೆಯ ರೈಲು ಹತ್ತಿದರೂ ಅಷ್ಟೇ. ಆದ್ದರಿಂದ ನಾನು ಹೊರಟ ದಿನ ಪರದೇಶಕ್ಕೆ ಹೋಗುವವನಿಗೆ ಕಟ್ಟಬೇಕಾದದ್ದನ್ನೆಲ್ಲ ಕಟ್ಟಿದಳು. ರಾಗಿ ಹುರಿಹಿಟ್ಟು, ಹುಚ್ಚೆಳ್ಳು ಪುಡಿ, ಗೌಂಡರ ಮನೆಗೆಂದು ಒಂದು ಗಂಟು ಅಚ್ಚುಬೆಲ್ಲ. ರೈಲಿನಲ್ಲಿ ಹೊಟ್ಟೆ ತೊಳಸಿದರೆ ಮೂಸಿ ನೋಡಲು ಹಿತ್ತಲ ಗಿಡದ ಒಂದು ಮಡಿಲು ನಿಂಬೆಹಣ್ಣು. “ನಂಗ್ಯಾಕವ್ವ ಇದೆಲ್ಲ?” ಎಂದರೆ, “ಬಿ.ಎ. ಓದಿದೋರ್ಗೆ ವಾಂತಿ ಬರಕಿಲ್ವಾ? ಮಡಿಕೊ” ಎಂದಳು.

ಬಿ.ಎ. ಎಂದು ಹೆಸರಿನ ಪಕ್ಕದಲ್ಲಿ ಬರೆದುಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ವಂಶದಲ್ಲಿ ಸ್ಲೇಟು ಹಿಡಿದವನೇ ನಾನು ಮೊದಲು. ಮದರಾಸಿನ ಕಾಲೇಜಿನಲ್ಲಿ ನನ್ನ ಓದನ್ನು ನಡೆಸಿದ್ದು ಅರ್ಧ ನಮ್ಮಪ್ಪನ ಬೆವರು, ಇನ್ನರ್ಧ ಬೊಮ್ಮಯ್ಯ ಗೌಂಡರ ಮಡಕೆ. ಗೌಂಡರ ಮಗ ಮುತ್ತಣ್ಣ ನನ್ನ ಕೋಣೆಯ ಜೊತೆಗಾರ. ಊರು ಕಂಬಂ ಕಣಿವೆ, ಮನೆಮಾತು ಕನ್ನಡ. ಅವರ ಹಿರಿಯರು ಯಾವ ಕಾಲದಲ್ಲೋ ನಮ್ಮ ಕಡೆಯಿಂದ ದನ ಹೊಡೆದುಕೊಂಡು ಹೋಗಿ ಅಲ್ಲೇ ನೆಲೆ ನಿಂತವರು. ಅಲ್ಲಿಂದ ಮದರಾಸಿಗೆ ಬರುವ ಯಾರ ಕೈಯಲ್ಲಾದರೂ ಗೌಂಡರು ಮಡಕೆ ತುಂಬ ಉಪ್ಪುಕಂಡ ಕಳಿಸುತ್ತಿದ್ದರು. ಆಡಿನ ಮಾಂಸಕ್ಕೆ ಉಪ್ಪು ಅರಿಸಿನ ಹಚ್ಚಿ, ಹುರಿಗೆ ಪೋಣಿಸಿ ಬಿಸಿಲಿಗೆ ಒಣಗಿಸಿದ್ದು. ನಮ್ಮಲ್ಲಿ ಒಣಬಾಡು ಎನ್ನುತ್ತೇವೆ. “ಇಬ್ಬರೂ ಸಮನಾಗಿ ತಿನ್ನಬೇಕು” ಎಂದು ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು. ಒಮ್ಮೆ ತಾವೇ ಮದರಾಸಿಗೆ ಬಂದು, ದೊಣ್ಣೆ ಊರಿಕೊಂಡು ಕಾಲೇಜಿನ ಪಡಸಾಲೆಯಲ್ಲೆಲ್ಲ ಓಡಾಡಿ, ಕಂಬಗಳನ್ನು ಬಡಿದು ನೋಡಿ, “ಒಳ್ಳೆ ಮರ” ಎಂದು ಮೆಚ್ಚಿ ಹೋಗಿದ್ದರು.

ಅವರ ಮೈ ಸರಿಯಿಲ್ಲ, ನನ್ನನ್ನು ಕೇಳುತ್ತಿದ್ದಾರೆ ಎಂದು ಮುತ್ತಣ್ಣ ಬರೆದಿದ್ದ. ಅದಕ್ಕೇ ಈ ಪ್ರಯಾಣ.

ದಿಂಡುಗಲ್ಲಿನಲ್ಲಿ ಇಳಿದವನಿಗೆ ಮೊದಲು ಕಾಣುವುದು ಊರ ಮೇಲೆ ಕೂತಿರುವ ಬೋಳು ಬಂಡೆ, ಮೊದಲು ಮೂಗಿಗೆ ಬರುವುದು ಹೊಗೆಸೊಪ್ಪಿನ ಸುರುಟಿನ ಹೊಗೆ. ಬಂಡೆ ನಮಗೇನೂ ಹೊಸದಲ್ಲ, ಹೊಗೆ ಹೊಸದು. ನಾನು ಕಾಲೇಜಿನ ಕರಿ ಕೋಟು ತೊಟ್ಟು, ರುಮಾಲು ಸುತ್ತಿ, ಗಂಭೀರವಾಗಿ ಗಾಡಿಗಳ ಕಡೆ ನಡೆದೆ. ನನ್ನನ್ನು ಕಂಡದ್ದೇ ಗಾಡಿಯವರು ಒಬ್ಬೊಬ್ಬರಾಗಿ ಎತ್ತು ಕಟ್ಟಿ ಹೊರಟೇಬಿಟ್ಟರು. ಒಬ್ಬ ಮುದುಕ ಮಾತ್ರ ಎತ್ತು ಕುಂಟಾದ್ದರಿಂದ ಉಳಿದ. ಅವನೇ ಕೈಮುಗಿದು, “ಸಾಮಿ, ಸರ್ಕಾರದವರಿಗೆ ಬಿಟ್ಟಿ ಗಾಡಿ ಹೊಡೆದೂ ಹೊಡೆದೂ ಸಾಕಾಗಿದೆ” ಎಂದ. ಕೋಟು ಬಿಚ್ಚಿ ಗಂಟಿಗೆ ಸೇರಿಸಿ, ರುಮಾಲನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಬೀದಿಗೆ ಹೋದೆ. ತಕ್ಷಣ ಗಾಡಿ ಸಿಕ್ಕಿತು. ಓದಿದವನ ವೇಷಕ್ಕೆ ಅಂಜುವವರು ರೈತನ ಮುಖಕ್ಕೆ ಅಂಜುವುದಿಲ್ಲ. ಮುಖವಂತೂ ನನ್ನದು ರೈತನದೇ.

ನಿಲಕ್ಕೋಟ್ಟೈ

ಇಲ್ಲಿ ಊಟಕ್ಕೆ ನಿಂತೆವು. ಒಬ್ಬ ಹೆಂಗಸು ಹೊಂಗೆ ಮರದ ಕೆಳಗೆ ಅನ್ನ ಮಾರುತ್ತಿದ್ದಳು. ನಮ್ಮಲ್ಲಿ ಅಡಿಗೆಗೆ ಹುಣಸೆ ಹಾಕುತ್ತಾರೆ, ಈ ಸೀಮೆಯಲ್ಲಿ ಹುಣಸೆಗೆ ಅಡಿಗೆ ಹಾಕುತ್ತಾರೆ. ಕುಳಂಬು ಎಂಬ ಗೊಜ್ಜಿಗೂ ಹುಳಿ, ಸಾರಿಗೂ ಹುಳಿ, ಕೊನೆಗೆ ಮಜ್ಜಿಗೆಯೂ ಹಲ್ಲು ಜುಮ್ಮೆನ್ನುವ ಹುಳಿ. ಎರಡು ತುತ್ತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಗಾಡಿಯವನು ನಕ್ಕು ಇನ್ನೊಂದು ಸೌಟು ಹಾಕಿಸಿಕೊಂಡ.

ಪಕ್ಕದಲ್ಲಿ ಕೂತಿದ್ದವನೊಬ್ಬ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, “ಬೇಡ ತಾಯಿ, ಪತ್ತಿಯ” ಎಂದ. ಆಕೆ ಸೌಟನ್ನು ಸರ್ರನೆ ಹಿಂದಕ್ಕೆಳೆದುಕೊಂಡಳು. ಕೈಗೆ ತಗುಲಿದ್ದ ಹುಳಿಯನ್ನು ಸೆರಗಿಗೆ ಒರೆಸಿ, ಬೇರೆ ಪಾತ್ರೆಯಿಂದ ಬರಿ ಬಿಸಿನೀರು ತಂದು ಅವನ ಅನ್ನಕ್ಕೆ ಹೊಯ್ದಳು. ಪಥ್ಯಕ್ಕೆ ಅವರು ಪತ್ತಿಯ, ಹುಳಿಗೆ ಪುಳಿ ಎನ್ನುತ್ತಾರೆ. ಯಾರ ಮದ್ದೇ ಆಗಲಿ, ಏನು ಕಾಯಿಲೆಯೇ ಆಗಲಿ, ಮೊದಲು ಬಿಡುವುದು ಹುಳಿ. ನಮ್ಮ ಊರಿನಲ್ಲೂ ಹಾಗೇ ಅಲ್ಲವೇ? ಆದರೆ ನಮ್ಮವರು ಹಬ್ಬ ಬಂದರೆ ಕದ್ದು ತಿನ್ನುತ್ತಾರೆ. ಇವರು ವ್ರತದ ಹಾಗೆ ನಡೆಸುತ್ತಾರೆ. ಅದನ್ನು ನೋಡಿ ನನಗೆ ಮೆಚ್ಚುಗೆಯೇ ಆಯಿತು.

ತೇನಿ

ತೇನಿ ಎಂದರೆ ನಾಲ್ಕು ದಾರಿ ಕೂಡುವ ಜಾಗದ ಒಂದು ಸಣ್ಣ ಹಳ್ಳಿ. ಪಡುವಲಿಗೆ ಮಲೆಯಾಳದ ಬೆಟ್ಟಗಳು ಗೋಡೆ ಕಟ್ಟಿದ ಹಾಗೆ ನಿಂತಿವೆ. ಆ ಬೆಟ್ಟದ ಮೇಲೆ ಅಣೆಕಟ್ಟಿನ ಕೆಲಸ ನಡೆಯುತ್ತಿದೆಯಂತೆ. ಕೂಲಿಗೆ ಹೋಗುವವರ ಸಾಲು ದಾರಿಯಲ್ಲೆಲ್ಲ ಸಿಕ್ಕಿತು. ಮುತ್ತಣ್ಣ ತನ್ನ ಗಾಡಿ ತಂದು ನನಗಾಗಿ ಕಾಯುತ್ತಿದ್ದ. ಓದು ಅರ್ಧಕ್ಕೆ ಬಿಟ್ಟು ಬೇಸಾಯಕ್ಕೆ ಮರಳಿದವನು ಅವನು.

“ಏನೋ ಬಿ.ಎ., ಕೋಟು ಎಲ್ಲೋ?” ಎಂದು ತಬ್ಬಿಕೊಂಡ. ಆಮೇಲೆ ದನಿ ಇಳಿಸಿ, “ಅಯ್ಯನ ಕಂಡು ಬೆಚ್ಚಬ್ಯಾಡ” ಎಂದ.

“ಏನಾಗಿದೆ ಹೇಳೋ.”

“ನೀರಿಳಿವು. ಸಕ್ಕರೆ ಕಾಯಿಲೆ.”

ಕೊಡಗಟ್ಟಲೆ ನೀರು ಕುಡಿದರೂ ಗೌಂಡರಿಗೆ ದಾಹ ಹೋಗುತ್ತಿರಲಿಲ್ಲವಂತೆ. ಅವರು ಹಿತ್ತಲಲ್ಲಿ ಒಂದಕ್ಕೆ ಹೋದ ಕಡೆ ಇರುವೆ ಮುತ್ತುವುದನ್ನು ಮುತ್ತಣ್ಣನ ತಾಯಿ ಕಂಡಳು. ಮಧುರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಬಿಳಿಯ ಡಾಕ್ಟರು ಅನ್ನ ಬಿಡಿ, ಸಜ್ಜೆ ಬಿಡಿ, ಗೆಡ್ಡೆ ಹಣ್ಣು ಬಿಡಿ, ಹಾಲು ಬೆಲ್ಲ ಮುಟ್ಟಬೇಡಿ, ಮಾಂಸ ತಿಂದು ಜೀವ ಹಿಡಿಯಿರಿ ಎಂದರು. ಆ ಕಾಯಿಲೆಗೆ ದೊಡ್ಡ ಡಾಕ್ಟರುಗಳು ಈಗ ಹೇಳುವುದು ಅದನ್ನೇ. ಆತನೇನೂ ಸುಳ್ಳು ಹೇಳಲಿಲ್ಲ.

“ಸೊಪ್ಪು ತಿನ್ನಬೋದು ಅಂದಿದ್ರು ದೊರೈ,” ಎಂದ ಮುತ್ತಣ್ಣ. “ಅವ್ವ ಕೇಳ್ಬೇಕಲ್ಲ. ಸೊಪ್ಪು ಮದ್ದ ಮುರೀತದೆ ಅಂದ್ಲು. ಪುಳಿ ಹೆಂಗೂ ಆಗ್ದು. ಎಲ್ಲ ನಿಂತೋಯ್ತು. ದಿನಾ ಆಡು ಕಡಿಯೋಕೆ ನಾವೇನು ಜಮೀನ್ದಾರರಾ? ಉಪ್ಪುಕಂಡ ಹಾಕಿ ಮಡಗಿದ್ವಿ. ಪೊಂಗಲ್ ಆದಾಗಿಂದ ಅಯ್ಯ ಅದೊಂದೇ ತಿಂತಿರೋದು.”

ಈಗ ಬೇಸಗೆ ನಡುವಿಗೆ ಬಂದಿತ್ತು.

“ಇರುವೆ?”

“ಒಂದೂ ಬರಾಕಿಲ್ಲ. ಅದ್ಕೇ ಅವ್ವ ಆ ಮಡಕೆಗೆ ಕೈಮುಗೀತಾಳೆ.”

“ಮತ್ತೆ ನಾನು ಬೆಚ್ಚೋದು ಯಾತಕ್ಕೆ?”

ಅವನು ನನ್ನ ಗಂಟನ್ನು ಎತ್ತಿ ನೋಡಿ, “ರೊಂಬ ಭಾರ. ಏನಿದು?” ಎಂದ.

“ಬೆಲ್ಲ. ನಮ್ಮವ್ವ ಅಯ್ಯನಿಗೆ ಅಂತ...”

ಮುತ್ತಣ್ಣ ನಗಲು ಶುರುಮಾಡಿದ. ನನಗೂ ನಗು ಬಂತು. ಗಾಡಿಯ ನೊಗ ಹಿಡಿದುಕೊಂಡು ನಗುತ್ತಲೇ ಇದ್ದವನು ಯಾವಾಗ ಅಳತೊಡಗಿದನೋ ನನಗೆ ತಿಳಿಯಲಿಲ್ಲ. ಅಷ್ಟು ಬೆಲ್ಲವನ್ನೂ ಅಲ್ಲೇ ಎತ್ತುಗಳಿಗೆ ತಿನ್ನಿಸಿ ಹೊರಟೆವು.

ಕಾಮಯಗೌಂಡನ್‌ಪಟ್ಟಿ

ಊರು ಸೇರಿದಾಗ ಬಾಗಿಲಲ್ಲಿ ಹೆಂಗಸರು ನೆರೆದಿದ್ದರು. ತಾವು ಬಿಟ್ಟು ಬಂದ ಸೀಮೆಯಿಂದ ಒಬ್ಬ ಬರುತ್ತಾನೆಂದರೆ ಸಾಮಾನ್ಯವೇ? ನಾನು ಕೈಮುಗಿದು, “ತಾವೆಲ್ಲರೂ ಕ್ಷೇಮವಾಗಿದ್ದೀರಾ?” ಎಂದೆ. ಬೊಚ್ಚುಬಾಯಿಯ ಅಜ್ಜಿಯೊಬ್ಬಳು, “ಅಯ್ಯೋ, ಪಾಪ ತಂಬಿ! ಇವನಿಗೆ ಕನ್ನಡ ಸರಿಯಾಗಿ ಬರಾಕಿಲ್ಲ” ಎಂದಳು. ಎಲ್ಲರೂ ಗೊಳ್ಳೆಂದರು. ಮದರಾಸಿನ ಪರೀಕ್ಷಕರು ನನಗೆ ಕೊಡದ ಸೋಲನ್ನು ಆ ಅಜ್ಜಿ ಕೊಟ್ಟಳು.

ಗೌಂಡರು ಒಳಗಿನಿಂದಲೇ ಕೂಗಿದರು: “ಮೈಸೂರ ಮಗ ಬಂದನಾ? ಒಳಕ್ಕೆ ಬುಡ್ರಿ ಅವನ್ನ!”

ದನಿ ಮಾತ್ರ ಹಳೆಯದು. ಹಗ್ಗದ ಮಂಚದ ಮೇಲೆ ಇದ್ದದ್ದು ಅವರ ಅರ್ಧ. ಬಾಯಿ ತೆರೆದರೆ ವಸಡು ನೇರಳೆ ಬಣ್ಣಕ್ಕೆ ಊದಿ ಹಲ್ಲಿನ ಮೇಲೆ ಹತ್ತಿತ್ತು, ರಕ್ತ ಒಸರುತ್ತಿತ್ತು. ಕಾಲುಗಳ ಮೇಲೆ ಹೊಡೆತ ಬಿದ್ದ ಹಾಗೆ ಕಪ್ಪು ಮಚ್ಚೆಗಳು. ಮೀನಖಂಡ ಕಟ್ಟಿಗೆಯಂತೆ ಗಟ್ಟಿ. ಮುತ್ತಣ್ಣ ಹುಟ್ಟುವ ಮೊದಲು ಎತ್ತು ತಿವಿದ ಗಾಯವೊಂದು ತೊಡೆಯ ಮೇಲಿತ್ತು. ಮಾಗಿ ಬಿಳಿ ಗೆರೆಯಾಗಿದ್ದ ಗಾಯ. ಅದು ಈಗ ಹೊಸದಾಗಿ ಬಾಯಿ ಬಿಟ್ಟಿತ್ತು.

ಮೂಲೆಯಲ್ಲಿ ನಾಗಮ್ಮ, ಮುತ್ತಣ್ಣನ ತಾಯಿ, ಒರಳಲ್ಲಿ ಏನನ್ನೋ ಕುಟ್ಟುತ್ತಿದ್ದಳು. ಕಾಲಿಗೆ ಬಿದ್ದೆ. “ನಲ್ಲಾಗಿರು ಮಗನೇ” ಎಂದಳು. “ಹಲ್ಲೆಲ್ಲ ಆಡ್ತವೆ ನಿಮ್ಮಯ್ಯನಿಗೆ. ಕುಟ್ಟಿ ಪುಡಿ ಮಾಡಿ ಕೊಡ್ತೀನಿ.” ಒರಳಲ್ಲಿದ್ದದ್ದು ಉಪ್ಪುಕಂಡ.

“ಈ ರಕ್ತ ಯಾತರದ್ದವ್ವಾ?”

“ವಿಷ ಹೊರಕ್ಕೆ ಬತ್ತಾ ಇದೆ. ಸಕ್ಕರೆ ವಿಷ. ಬಾಯಿಂದ್ಲೂ ಬತ್ತದೆ, ಕಾಲಿಂದ್ಲೂ ಬತ್ತದೆ. ಬಂದು ಮುಗೀಲಿ.” ಅವಳ ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ.

ನಾನು ಮುತ್ತಣ್ಣನನ್ನು ಬಾವಿಯ ಕಡೆಗೆ ಎಳೆದುಕೊಂಡು ಹೋದೆ. “ಕಾಲೇಜಲ್ಲಿ ಓದಿದ ಹಡಗಿನ ಪಾಠ ಮರೆತೆಯಾ? ತಿಂಗಳುಗಟ್ಟಲೆ ಉಪ್ಪು ಮಾಂಸ ತಿಂದ ನಾವಿಕರು. ವಸಡು ಊದಿ, ಹಳೆ ಗಾಯ ಬಿಚ್ಚಿ ಸತ್ತರು. ನಿಂಬೆ ರಸ ಕುಡಿದವರು ಬದುಕಿದರು. ಸ್ಕರ್ವಿ!”

ಮುತ್ತಣ್ಣ ಬಾಯಿಬಿಟ್ಟು ನೋಡಿದ. “ಅದು ಹಡಗಿನ ಕಾಯಿಲೆ ಅಲ್ಲವೇನೋ? ನಮ್ಮೂರಲ್ಲಿ ಸಮುದ್ರ ಎಲ್ಲದೆ?”

“ಸಮುದ್ರದ್ದಲ್ಲ, ಅದು ಮಡಕೆಯದು! ಹಡಗಿನಲ್ಲೂ ಒಣಬಾಡೊಂದೇ, ನಿಮ್ಮ ಮನೇಲೂ ಒಣಬಾಡೊಂದೇ. ಮೈಗೆ ಬೇಕಾದ್ದು ಏನೋ ಒಂದು ಅದರಲ್ಲಿ ಇಲ್ಲ.”

ಅವನು ಬಾವಿಯ ಕಟ್ಟೆ ಹಿಡಿದುಕೊಂಡು ಕೂತ. “ಆ ಪಾಠ ನಂಗೆ ಬಾಯಿಗೆ ಬತ್ತಿತ್ತು ಕಣೋ,” ಎಂದ.

ಅದೇ ಊರು, ಮಾರನೆಯ ದಿನ

ನಾಗಮ್ಮನನ್ನು ಒಪ್ಪಿಸುವುದು ಬಿ.ಎ. ಪರೀಕ್ಷೆಗಿಂತ ಕಷ್ಟ. ನಮ್ಮವ್ವ ಕಟ್ಟಿಕೊಟ್ಟ ನಿಂಬೆಹಣ್ಣು ನನ್ನ ಕೈಯಲ್ಲಿ ಕಂಡದ್ದೇ ಅವಳು ಮಂಚಕ್ಕೆ ಅಡ್ಡ ನಿಂತಳು.

“ಪುಳಿಯಾ? ಪತ್ತಿಯದಲ್ಲಿರೋನಿಗೆ ಪುಳಿಯಾ? ನೀ ಓದಿದ್ದು ಸರಿ ತಂಬಿ, ಇದ ಯಾರು ಹೇಳಿಕೊಟ್ರು ನಿಂಗೆ?”

“ಅವ್ವಾ, ನಾವಿಕರು...”

“ನಾವಿಕರಿಗೆ ಇರುವೆ ಮುತ್ತಿತ್ತಾ?”

ಹಡಗಿನ ಪಾಠದಲ್ಲಿ ಇರುವೆಯ ಸುದ್ದಿಯೇ ಇರಲಿಲ್ಲ.

“ನಿಮ್ಮಯ್ಯ ನೀರು ನೀರು ಅಂತ ಸಾಯ್ತಿದ್ದಾಗ ನೀವ್ಯಾರೂ ಇರ್ಲಿಲ್ಲ. ನಾ ಇದ್ದೆ. ಈ ಕೈಲಿ ಪತ್ತಿಯ ಮಾಡಿ ನಿಲ್ಸಿದೀನಿ. ಇವತ್ತು ಕೆಡಿಸಿದ್ರೆ ನಾಳೆ ಇರುವೆ ಬತ್ತವೆ.”

ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಇರುವೆ ನಿಂತದ್ದು ನಿಜ, ದಾಹ ನಿಂತದ್ದು ನಿಜ. ಒಂದು ಕಾಯಿಲೆಯನ್ನು ಕಟ್ಟಿಹಾಕಿದ ಊಟವೇ ಇನ್ನೊಂದನ್ನು ಒಳಗೆ ಬಿಟ್ಟುಕೊಂಡಿತ್ತು. ಎರಡೂ ನಿಜವಾಗಿರಬಹುದು ಎಂದು ಅವಳಿಗೆ ಹೇಗೆ ಹೇಳಲಿ? ಅನ್ನ ಬೆಲ್ಲ ಬೇಡ, ಬಾಡನ್ನೂ ಬಿಡಬೇಡಿ, ಅದರ ಜೊತೆ ಒಂದಿಷ್ಟು ನಿಂಬೆ ರಸ, ಒಂದಿಷ್ಟು ಸೊಪ್ಪು, ಅಷ್ಟೇ ಎಂದು ಬೇಡಿಕೊಂಡೆ. ಮುತ್ತಣ್ಣನೂ ಬೇಡಿದ. ಅವಳು ಕದಲಲಿಲ್ಲ.

ಗೌಂಡರು ಇಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದರು. “ನಾಗೂ,” ಎಂದರು. “ಆ ಮಡಕೆಯೆಲ್ಲಾ ಮದರಾಸಿಗೆ ಯಾಕೆ ಕಳಿಸಿದ್ವಿ?”

“ಮಕ್ಕ ಹಸೀಬಾರ್ದು ಅಂತ.”

“ಮಕ್ಕ ಓದ್ಲಿ ಅಂತ. ಈಗ ಓದಿದೋನು ಬಂದು ಹೇಳ್ತಾನೆ. ನಾನೇ ನಂಬದೇ ಹೋದ್ರೆ ಆ ಬಾಡೆಲ್ಲ ನಾಯಿಗೆ ಹಾಕ್ದಂಗೆ.” ನನ್ನ ಕಡೆ ತಿರುಗಿ, “ಹಿಂಡು ಮಗನೇ,” ಎಂದರು.

ನಾಗಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೊದಲ ಗುಟುಕಿಗೆ ಅವರು ಕಿರಿಚಿದರು. ಹುಣ್ಣಾದ ವಸಡಿಗೆ ನಿಂಬೆ ಎಂದರೆ ಬೆಂಕಿ. ಎರಡನೆಯ ಗುಟುಕಿಗೆ, “ಏಯ್, ಎಷ್ಟು ಕಾಲ ಆಯ್ತೋ ಪುಳಿ ಕಂಡು!” ಎಂದು ಮಗುವಿನಂತೆ ನಾಲಿಗೆ ಚಪ್ಪರಿಸಿದರು.

ದಿನಾ ಕೊಟ್ಟೆ. ಮುತ್ತಣ್ಣ ಹೊಲದಿಂದ ಸೊಪ್ಪು ತಂದು ತಾನೇ ಬೇಯಿಸಿದ. ನಾಗಮ್ಮ ಆ ಪಾತ್ರೆಯನ್ನು ಮುಟ್ಟಲಿಲ್ಲ. ಆದರೆ ಬೆಳಕು ಹರಿಯುತ್ತಲೂ ಹಿತ್ತಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಮಣ್ಣು ನೋಡುತ್ತಿದ್ದಳು. ಇರುವೆ ಬರಲಿಲ್ಲ. ವಾರ ತುಂಬುವ ಹೊತ್ತಿಗೆ ರಕ್ತ ನಿಂತಿತು. ವಸಡಿನ ನೇರಳೆ ಬಣ್ಣ ತಿಳಿಯಾಯಿತು. ಒಂದು ಬೆಳಿಗ್ಗೆ ಗೌಂಡರು ಕುಟ್ಟದ ಬಾಡಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಬಲು ಹೊತ್ತು ಅಗಿದು ನುಂಗಿ, ಹೆಂಡತಿಯನ್ನು ನೋಡಿ ಕಣ್ಣು ಮಿಟುಕಿಸಿದರು. ಅವಳು ಒರಳನ್ನು ಮೂಲೆಗೆ ಉರುಳಿಸಿದಳು. ಆ ದಿನ ನನ್ನ ಎಲೆಗೆ ತುಪ್ಪ ಬಡಿಸಿದಳು.

ಆ ದಿನ ನನಗಿದ್ದ ಸಂತೋಷವನ್ನು ಬರೆಯುವುದಿಲ್ಲ. ಬಿ.ಎ. ಪಾಸಾದ ದಿನ ಅದರ ಕಾಲು ಭಾಗವೂ ಇರಲಿಲ್ಲ.

ದೇವರ ದನ

ಈ ಕನ್ನಡದವರಿಗೆ ದೇವರ ಹೆಸರಿನ ಒಂದು ದನದ ಮಂದೆ ಇದೆ. ಅದರ ಹಾಲು ಮಾರುವುದಿಲ್ಲ, ಅದನ್ನು ನೇಗಿಲಿಗೆ ಕಟ್ಟುವುದಿಲ್ಲ. ಊರು ಬಿಟ್ಟು ಬಂದಾಗ ಹಿರಿಯರು ಹೊಡೆದುಕೊಂಡು ಬಂದ ದನಗಳ ಸಂತಾನವಂತೆ. ಬೆಟ್ಟದಲ್ಲಿ ಮೇಯಿಸಿ ಊರಿಗೆ ತಂದಾಗ ಮುಂದೆ ನಡೆಯುವ ಹೋರಿಗೆ ಎಲ್ಲರೂ ಎದ್ದು ನಿಂತು ಕೈಮುಗಿಯುತ್ತಾರೆ. ಕೂತು ಕೈಮುಗಿದವನನ್ನು ನಾನು ಕಾಣಲಿಲ್ಲ.

ನಾನು ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಂದೆ ನಮ್ಮ ಬೀದಿಗೆ ಬಂತು. ಗೌಂಡರನ್ನು ಮಂಚದ ಸಮೇತ ಜಗುಲಿಗೆ ತಂದು ಮಲಗಿಸಿದ್ದೆವು. ಹಡಗಿನ ಪಾಠದಲ್ಲಿ ಇನ್ನೊಂದು ಮಾತಿತ್ತು. ಗುಣವಾಗುತ್ತಿದೆ ಎಂದುಕೊಂಡು ಥಟ್ಟನೆ ಎದ್ದ ನಾವಿಕರು ಎದ್ದಲ್ಲೇ ಬಿದ್ದು ಸತ್ತರು ಎಂದು. ಅದನ್ನು ಅವರಿಗೆ ದಿನವೂ ಹೇಳಿದ್ದೆ. “ಏಳಬೇಡಿ ಅಯ್ಯ, ಮಲಗಿಯೇ ಕೈಮುಗೀರಿ” ಎಂದೆ.

“ಸರಿ ಸರಿ” ಎಂದರು.

ಗಂಟೆಯ ಸದ್ದು ತಿರುವಿನಲ್ಲಿ ಕೇಳಿತು. ಬಿಳಿ ಹೋರಿ ಕತ್ತೆತ್ತಿ ಬಂತು. ಮುತ್ತಣ್ಣನೂ ನಾನೂ ಬೀದಿಯ ಕಡೆ ನೋಡುತ್ತಿದ್ದೆವು. ಹಿಂದೆ ಹಗ್ಗದ ಮಂಚ ಕಿರ್‌ ಎಂದಿತು. ತಿರುಗಿದರೆ ಬೊಮ್ಮಯ್ಯ ಗೌಂಡರು ಎದ್ದು ನಿಂತಿದ್ದರು. ದೊಣ್ಣೆಯಿಲ್ಲ, ಯಾರ ಆಸರೆಯೂ ಇಲ್ಲ. ಎರಡೂ ಕೈ ಎದೆಯ ಮೇಲೆ ಜೋಡಿಸಿದ್ದರು. ಮುಖದಲ್ಲಿ ನಗುವಿತ್ತು. ಹೋರಿ ಜಗುಲಿ ದಾಟಿತು. ಗೌಂಡರು ಕಂಬ ತಡಕಿದರು, ಸಿಗಲಿಲ್ಲ. ನಾನು ಹಿಡಿದಾಗ ಅವರ ಮೈ ಬಿಸಿಯಾಗಿತ್ತು, ಉಸಿರು ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ನೆರೆಯಿತು. ಯಾರೂ ನನ್ನನ್ನು ಬಯ್ಯಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುವುದು ಮಾತ್ರ ಕಿವಿಗೆ ಬೀಳುತ್ತಿತ್ತು. “ಪತ್ತಿಯ ಮುರುದ್ರಂತೆ.” “ಪುಳಿಯಾ?” “ಪುಳಿಯೇ.” ಅಲ್ಲಿಗೆ ಎಲ್ಲರಿಗೂ ಎಲ್ಲ ತಿಳಿದಂತಾಗುತ್ತಿತ್ತು. ನನಗೆ ಕನ್ನಡ ಬಾರದೆಂದ ಅಜ್ಜಿ ನನ್ನ ತಲೆ ಸವರಿ ಹೋದಳು.

ವಸಡು ಆರಿದ್ದನ್ನು ಕಂಡವರು ಮೂವರೇ. ಮುತ್ತಣ್ಣ ಗಟ್ಟಿಯಾಗಿ ಹೇಳಲು ನೋಡಿದ. ಯಾರೋ ಅವನ ಹೆಗಲ ಮೇಲೆ ಕೈಯಿಟ್ಟು, “ಇರ್ಲಿ ತಂಬಿ, ಅವನೇನು ಬೇಕು ಅಂತ ಕೊಟ್ನಾ?” ಎಂದರು.

ಮಣ್ಣಾದ ಮೇಲೆ ನಾಗಮ್ಮನ ಮುಂದೆ ಕೂತೆ. ಹೇಳಬೇಕಾದದ್ದು ಎದೆ ತುಂಬ ಇತ್ತು. ನಿಂಬೆಯಿಂದ ಅವರು ಉಳಿಯುತ್ತಿದ್ದರು, ಮೊದಲೇ ಕೊಟ್ಟಿದ್ದರೆ ಉಳಿದೇ ಉಳಿಯುತ್ತಿದ್ದರು ಎಂದು. ಆದರೆ ಮೊದಲೇ ಕೊಡಬೇಕಾಗಿದ್ದವರು ಯಾರು? ಆ ಮಾತು ಹೋಗಿ ಬೀಳುವುದು ಯಾರ ಮೇಲೆ? ಅವಳ ಕೈಗಳು ಮಡಿಲಲ್ಲಿದ್ದವು. ಒನಕೆ ಹಿಡಿದೂ ಹಿಡಿದೂ ಅಂಗೈ ದಡ್ಡುಗಟ್ಟಿತ್ತು.

“ನೀ ಅಳಬ್ಯಾಡ ಮಗನೇ,” ಎಂದಳು. “ಆಸೆಯಿಂದ ಕೊಟ್ಟೆ. ಅವರೂ ಆಸೆಯಿಂದ ಕುಡುದ್ರು. ನಿನ್ ತಪ್ಪಲ್ಲ.”

ನಾನು ತಲೆ ತಗ್ಗಿಸಿ, “ಹೂಂ ಅವ್ವಾ” ಎಂದೆ.

ಮತ್ತೆ ದಿಂಡುಗಲ್ಲು

ಮುತ್ತಣ್ಣ ರೈಲಿನವರೆಗೆ ಬಂದ. ನಿಲಕ್ಕೋಟ್ಟೈಯ ಹೊಂಗೆ ಮರದ ಕೆಳಗೆ ಆ ಹೆಂಗಸು ಎಂದಿನಂತೆ ಅನ್ನ ಮಾರುತ್ತಿದ್ದಳು. ನಾವು ಇಳಿಯಲಿಲ್ಲ.

ನಮ್ಮ ಕಡೆಯ ಓದುಗರಿಗೆ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಪಥ್ಯ ಹೇಳಿದರೆ, ಏನು ತಿನ್ನಬೇಕೆಂದು ಕೇಳಿ ಎದ್ದು ಬರಬೇಡಿ. ಏನೇನು ಬಿಡಬಾರದು ಎಂದೂ ಕೇಳಿ. ಎಷ್ಟು ಕಾಲ ಎಂದೂ ಕೇಳಿ. ಬೊಮ್ಮಯ್ಯ ಗೌಂಡರ ಮನೆಯಲ್ಲಿ ಆಸ್ತಿಯಿತ್ತು, ಪ್ರೀತಿಯಿತ್ತು, ಹಿತ್ತಲಾಚೆ ಸೊಪ್ಪಿತ್ತು. ಆ ಎರಡು ಮಾತು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ರೈಲು ಬಂದಾಗ ಮುತ್ತಣ್ಣ ಒಂದು ಬುತ್ತಿ ಕೈಗಿತ್ತ. “ಅವ್ವ ಕಟ್ಟಿದ್ದು. ಸಾವಿನ ಮನೆ, ಒಲೆ ಹಚ್ಚಬಾರ್ದು ಅಂದ್ರೂ ಪಕ್ಕದ ಮನೇಲಿ ಹೋಗಿ ಮಾಡವ್ಳೆ.” ರೈಲು ಕದಲಿದ ಮೇಲೂ ಅವನು ಕಿಟಕಿಯ ಕಂಬಿ ಬಿಡದೆ ನಾಲ್ಕು ಹೆಜ್ಜೆ ಬಂದ. ಬಂಡೆ ಮರೆಯಾಯಿತು.

ಹಸಿವಾದಾಗ ಬುತ್ತಿ ಬಿಚ್ಚಿದೆ. ಪ್ರಯಾಣಕ್ಕೆ ಹೊರಟವರಿಗೆ ಆ ಸೀಮೆಯಲ್ಲಿ ಕಟ್ಟುವುದು ಹುಣಸೆಹುಳಿಯ ಅನ್ನ, ಕೆಡುವುದಿಲ್ಲವೆಂದು. ಇದರಲ್ಲಿ ಹುಣಸೆ ಇರಲಿಲ್ಲ. ಮಜ್ಜಿಗೆ ಇರಲಿಲ್ಲ, ಉಪ್ಪಿನಕಾಯಿಯ ಚೂರೂ ಇರಲಿಲ್ಲ. ಬರಿ ಬಿಳಿ ಅನ್ನ, ಉಪ್ಪು, ಎಣ್ಣೆ. ಅಪಾಯವಾಗಬಹುದಾದ ಒಂದೇ ಒಂದು ಹನಿಯೂ ನನ್ನ ಬಾಯಿಗೆ ಬೀಳದ ಹಾಗೆ ನೋಡಿ ಕಟ್ಟಿದ್ದಳು.

ಚೀಲದ ತಳದಲ್ಲಿ ನಮ್ಮವ್ವನ ನಿಂಬೆಹಣ್ಣು ಒಂದು ಉಳಿದಿತ್ತು. ಸಿಪ್ಪೆ ಒಣಗಿ ಗಟ್ಟಿಯಾಗಿತ್ತು, ಒಳಗೆ ರಸ ಇದ್ದೇ ಇತ್ತು. ಕೈಯಲ್ಲಿ ಹಿಡಿದುಕೊಂಡೆ. ಅನ್ನ ಒಣಕಲಾಗಿತ್ತು, ಸಪ್ಪೆಯಾಗಿತ್ತು. ಆದರೂ ಆ ಅನ್ನದ ಮೇಲೆ ಅದನ್ನು ಹಿಂಡಲು ನನ್ನ ಕೈ ಬರಲಿಲ್ಲ. ನೀರು ಕುಡಿದು, ಕುಡಿದು, ಅಷ್ಟನ್ನೂ ಉಂಡೆ.